ಭಾನುವಾರ ಮುಚ್ಚುವ ಕಿಟಕಿ

ಹಿಮಾಚಲ, ಹೊಳೆ ದಂಡೆಯ ಲಾಡ್ಜ್
ಗುರುವಾರ, 17 ಅಕ್ಟೋಬರ್ 2024

ಗೌರಮ್ಮನವರಿಗೆ, ಮೇಲಿನ ಮನೆಯ ಕಮಲಾದೇವಿಯ ಶರಣು.

ಸುಖವಾಗಿ ತಲುಪಿದ್ದೇವೆ. ನಿಮ್ಮ ಮಗ ರವಿಕಿರಣ್ ‘ಲಾಡ್ಜ್’ ಎಂದಾಗ ನಮ್ಮ ಮನೆಯವರು ಮೆಜೆಸ್ಟಿಕ್ ಹತ್ತಿರದ ಲಾಡ್ಜುಗಳನ್ನು ನೆನೆಸಿಕೊಂಡು ಎರಡು ದುಪ್ಪಟಿ, ಒಂದು ಬೀಗ, ಒಂದು ಡಬ್ಬಿ ಸೊಳ್ಳೆಬತ್ತಿ ಕಟ್ಟಿಕೊಂಡು ಬಂದಿದ್ದರು. ಬಾಗಿಲಲ್ಲಿ ಇಬ್ಬರು ನಿಂತು ಕೈಗೆ ಬಿಸಿ ಟವೆಲ್ ಕೊಟ್ಟಾಗ ಬೀಗವನ್ನು ಮೆಲ್ಲಗೆ ಚೀಲದ ತಳಕ್ಕೆ ತಳ್ಳಿದರು.

ಎರಡು ಬೆಟ್ಟಗಳ ನಡುವೆ ಹೊಳೆ, ಹೊಳೆಯ ಪಕ್ಕದಲ್ಲಿ ನಮ್ಮ ಕೋಣೆ. ಒಂದು ಗೋಡೆ ಪೂರ್ತಿ ಗಾಜು. ಹಾಸಿಗೆಯಲ್ಲಿ ಮಲಗಿದರೆ ನೀರು ಕಲ್ಲಿಗೆ ಬಡಿಯುವುದು ಕಾಣುತ್ತದೆ. ನೀವೆಲ್ಲ ‘ಅಂಕಲ್’ ಎನ್ನುವ ನಮ್ಮ ರೇವಣಸಿದ್ದಪ್ಪನವರು ಇಟ್ಟಮಡುವಿನಲ್ಲಿ ಮೂವತ್ತು ವರ್ಷ ಪೇಂಟ್ ಅಂಗಡಿ ನಡೆಸಿದವರಲ್ಲವೇ, ಬಂದವರೇ ಗೋಡೆ, ಬಾಗಿಲು, ಕಪಾಟು ಎಲ್ಲವನ್ನೂ ಬೆರಳಿನಿಂದ ತಟ್ಟಿ ನೋಡಿ, ಪಾಲಿಶ್‌ಗೆ ನೂರಕ್ಕೆ ಎಂಬತ್ತು ಅಂಕ ಕೊಟ್ಟರು. ಹೊಳೆಯ ಸದ್ದಿನ ಬಗ್ಗೆ ಅವರ ಅಭಿಪ್ರಾಯ: “ಸಾರಕ್ಕಿ ಸಿಗ್ನಲ್ ಪಕ್ಕ ಮಲಗಿದಂಗೇ ಐತಿ, ಹಾರ್ನ್ ಒಂದಿಲ್ಲ.”

ಇಲ್ಲಿನ ಮೊದಲ ನಿಯಮ ಕೇಳಿ. ಬಂದ ಕೂಡಲೇ ಮೊಬೈಲುಗಳನ್ನು ಮರದ ಪೆಟ್ಟಿಗೆಗೆ ಹಾಕಿಸಿಕೊಂಡರು. ಹೊರಡುವ ದಿನವೇ ವಾಪಸ್ಸು. ಮನಸ್ಸಿನ ಶಾಂತಿಗಂತೆ. ಮೂವತ್ತಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಲೈನು ಕೊಟ್ಟ ನನಗೆ ಇದು ಶಿಕ್ಷೆಯೋ ಬಹುಮಾನವೋ ತಿಳಿಯಲಿಲ್ಲ. ಅದರ ಬದಲು ಕಾಗದ ಬರೆಯಬಹುದು. ನಾವು ಬರೆದದ್ದನ್ನು ಆಫೀಸಿನವರು ಫೋಟೊ ತೆಗೆದು ಮನೆಯವರ ಮೊಬೈಲಿಗೆ ಕಳಿಸುತ್ತಾರೆ. ಮನೆಯಿಂದ ಬಂದ ಕಾಗದದ ಫೋಟೊವನ್ನು ಪ್ರಿಂಟ್ ತೆಗೆದು, ಲಕೋಟೆಯಲ್ಲಿಟ್ಟು, ಬೆಳಗಿನ ಚಹದ ಜೊತೆ ತಂದುಕೊಡುತ್ತಾರೆ. ನಿಮ್ಮ ಸೊಸೆ ಸೌಮ್ಯಳ ನಂಬರ್ ಕೊಟ್ಟಿದ್ದೇನೆ. ಮ್ಯಾನೇಜರ್ ನಮ್ಮ ಕಡೆಯವನೇ, ಮೌನೇಶ ಎಂದು ಹೆಸರು, ಸುರಪುರದವನು. ಈ ಚಳಿಯಲ್ಲಿ ಕನ್ನಡ ಕೇಳಿ ಇವರಿಗೆ ಅರ್ಧ ಬೆಚ್ಚಗಾಯಿತು.

ಎಲ್ಲರೂ ಊಟ ಮಾಡುವುದಕ್ಕೆ ದೊಡ್ಡದೊಂದು ಮೇಜಿನ ಹಾಲ್ ಇದೆ. ಆದರೆ ನಮಗೆ ಊಟವನ್ನು ಕೋಣೆಗೇ ತಂದುಕೊಡುತ್ತಾರೆ. ರಾಜೋಪಚಾರ.

ಇದು ನಿಮಗೆ ಸಲ್ಲಬೇಕಾದ ಸುಖ. ಮಗನ ಶೋರೂಮಿನವರು ಅವನಿಗೆ ಕೊಟ್ಟ ಬಹುಮಾನವನ್ನು ಬಾಡಿಗೆಯವರ ಕೈಗೆ ಕೊಟ್ಟು ಕಳಿಸಿದ ಮನೆ ಮಾಲೀಕರು ಬೆಂಗಳೂರಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಉತ್ತರ ಬರೆಯಿರಿ.

ಕಮಲಾದೇವಿ

—

ಸಾರಕ್ಕಿ
ಶುಕ್ರವಾರ, 18 ಅಕ್ಟೋಬರ್ 2024

ಕಮಲಕ್ಕ,

ನಿಮ್ಮ ಕಾಗದವನ್ನು ಸೌಮ್ಯ ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಬೀಗದ ವಿಷಯ ಓದಿ ನಕ್ಕೆ. ಆಮೇಲೆ ನಗು ನಿಂತಿತು.

ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ನೀವು ಮೇಲಿನ ಮನೆ ಖಾಲಿ ಮಾಡಬೇಕು.

ಬರೆದುಬಿಟ್ಟೆ ನೋಡಿ. ಹದಿನೈದು ದಿನದಿಂದ ಬಾಯಿವರೆಗೆ ಬಂದು ವಾಪಸ್ಸು ಹೋಗುತ್ತಿದ್ದ ಮಾತು ಇದು. ನೀವು ಬಟ್ಟೆ ಒಣಹಾಕುವಾಗ ಹೇಳೋಣ ಎಂದು ಬಂದೆ, ನಿಮ್ಮ ಮಗಳು ಅಂಜನಾ ಪುಣೆಯಿಂದ ಕಳಿಸಿದ ಸ್ವೆಟರ್ ತೋರಿಸಿದಿರಿ. ಮಾರ್ಕೆಟ್ಟಿಗೆ ಜೊತೆಯಲ್ಲಿ ಹೋದಾಗ ಹೇಳೋಣ ಎಂದುಕೊಂಡೆ, ಸೊಗಡಿನ ಅವರೆಕಾಯಿ ಈ ಸಲ ಬೇಗ ಬಂದಿದೆ ಅಂದಿರಿ. ನನಗೆ ಮಂಡಿನೋವು, ಮಕ್ಕಳಿಗೆ ರಜೆ ಇಲ್ಲ, ನೀವು ಹೋಗಿ ಬನ್ನಿ ಎಂದದ್ದು ಅರ್ಧ ನಿಜ. ಇನ್ನರ್ಧ ಏನೆಂದರೆ, ನಿಮ್ಮ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿಲ್ಲ. ನೀವು ದೂರ ಇದ್ದರೆ ಬರೆದಾದರೂ ಹೇಳಬಹುದು ಎಂದುಕೊಂಡೆ.

ರವಿ ಕೆಟ್ಟವನಲ್ಲ. ನಿಮ್ಮ ಕಣ್ಣ ಮುಂದೆ ಬೆಳೆದವನು. ಸೌಮ್ಯಳ ಎಂಬ್ರಾಯ್ಡರಿ ಚೌಕಟ್ಟು ನೀವೇ ನೋಡಿದ್ದೀರಿ, ಮಂಚದಷ್ಟು ದೊಡ್ಡದು. ಹಾಲ್ ಪೂರ್ತಿ ಅದೇ. ನಾವು ಊಟಕ್ಕೆ ಕೂರಬೇಕೆಂದರೆ ಅದನ್ನು ಗೋಡೆಗೆ ನಿಲ್ಲಿಸಬೇಕು, ಊಟವಾದ ಮೇಲೆ ಮತ್ತೆ ಹಾಸಬೇಕು. ಹೋದ ತಿಂಗಳು ಒಬ್ಬರ ಮದುವೆ ರವಿಕೆಯ ಮೇಲೆ ನನ್ನ ಸಾರು ಚೆಲ್ಲಿತು. ಅವಳು ಒದ್ದೆ ಬಟ್ಟೆ ತಂದು ಒರೆಸಿದಳು. ಅಂದು ಸಂಜೆ ರವಿ ಹೇಳಿದ: “ಅಮ್ಮಾ, ದೀಪಾವಳಿ ಆದ್ಮೇಲೆ ನಾವು ಮೇಲಕ್ಕೆ ಹೋಗ್ತೀವಿ. ಆಗಲ್ಲ ಅಂದ್ರೆ ಸುಬ್ರಹ್ಮಣ್ಯಪುರದಲ್ಲಿ ಮನೆ ನೋಡ್ಕೋತೀವಿ. ನೀನೇ ಡಿಸೈಡ್ ಮಾಡು.”

ಡಿಸೈಡ್ ಮಾಡುವುದಂತೆ. ಒಂದು ಕೈಯಲ್ಲಿ ಮಗ, ಇನ್ನೊಂದು ಕೈಯಲ್ಲಿ ನೀವು. ಮಗನನ್ನು ಕಳಿಸಿ ಒಬ್ಬಳೇ ಹೇಗಿರಲಿ, ನಿಮ್ಮನ್ನು ಕಳಿಸಿ ಯಾರ ಹತ್ತಿರ ಜಗಳ ಆಡಲಿ?

ಇಲ್ಲ, ಇದನ್ನು ಕಳಿಸುವುದಿಲ್ಲ. ಆರು ದಿನದ ಸುಖಕ್ಕೆ ಹೋದವರಿಗೆ ಎರಡನೇ ದಿನವೇ ಇದು ಬೇಡ. ಬರೆದ ಕಾಗದವನ್ನು ಹರಿಯುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ನಮ್ಮತ್ತೆ ಕಡಲೆಕಾಯಿ ಕಟ್ಟಿದ ಪೇಪರನ್ನೂ ಸರಸ್ವತಿ ಎಂದು ಕಣ್ಣಿಗೊತ್ತಿಕೊಂಡು ಎತ್ತಿಡುತ್ತಿದ್ದರು. ದೇವರ ಮುಂದೆ ಅರಿಶಿನದ ಬಟ್ಟಲಿನ ಕೆಳಗೆ ಇಡುತ್ತೇನೆ. ದೇವರಾದರೂ ಓದಿಕೊಳ್ಳಲಿ.

—

ಸಾರಕ್ಕಿ
ಶುಕ್ರವಾರ, 18 ಅಕ್ಟೋಬರ್ 2024

ಪ್ರೀತಿಯ ಕಮಲಕ್ಕನವರಿಗೆ ಗೌರಮ್ಮನ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿ ಬಹಳ ಸಂತೋಷವಾಯಿತು. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ದಾಸವಾಳದ ಕುಂಡಗಳಿಗೆ ಸೌಮ್ಯ ನೀರು ಹಾಕುತ್ತಿದ್ದಾಳೆ. ಮಳೆ ಬರುತ್ತಿದೆ. ನಿಮ್ಮ ಬಾಲ್ಕನಿ ಬಾಗಿಲು ಭದ್ರವಾಗಿದೆ.

ಅಂಕಲ್‌ಗೆ ಚಳಿಯಿಂದ ಜೋಪಾನ ಎಂದು ಹೇಳಿ. ಚೆನ್ನಾಗಿ ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ, ಯಾವ ಯೋಚನೆಯನ್ನೂ ಮಾಡಬೇಡಿ. ನಿಮ್ಮಂಥವರು ನಮ್ಮ ಮನೆಗೆ ಸಿಕ್ಕಿದ್ದು ನಮ್ಮ ಪುಣ್ಯ.

ಇಂತಿ
ಗೌರಮ್ಮ

—

ಹಿಮಾಚಲ
ಶನಿವಾರ, 19 ಅಕ್ಟೋಬರ್ 2024

ಗೌರಮ್ಮನವರಿಗೆ ಶರಣು.

ಇಡೀ ಕಾಗದದಲ್ಲಿ ಒಂದು ಬೈಗುಳವಿಲ್ಲ. ನಮ್ಮ ಕುಂಡದ ನೀರು ನಿಮ್ಮ ಸೀರೆಗೆ ಸೋರಿದ ಬಗ್ಗೆ ದೂರಿಲ್ಲ, ಮೋಟಾರ್ ಆಫ್ ಮಾಡದೆ ಹೋದ ಬಗ್ಗೆ ಚಕಾರವಿಲ್ಲ. ಮೋಟಾರ್ ಆಫ್ ಮಾಡದೆ ಹೋಗಿದ್ದೆ, ದೆಹಲಿಯಲ್ಲಿ ಇಳಿದಾಗ ನೆನಪಾಯಿತು. ‘ಪುಣ್ಯ’ ಎಂಬ ಮಾತನ್ನು ಇಪ್ಪತ್ತೊಂದು ವರ್ಷದಲ್ಲಿ ನಿಮ್ಮಿಂದ ಕೇಳಿದ್ದು ಇದೇ ಮೊದಲು.

ಎಕ್ಸ್‌ಚೇಂಜಿನಲ್ಲಿ ದೂರದ ಊರಿನ ಕರೆ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಕೂತಿದ್ದಾಗ, “ಎಲ್ಲಾ ಚೆನ್ನಾಗಿದೀವಿ” ಎಂದು ಯಾರಾದರೂ ಹೇಳಿದರೆ, ನಿಜವಾಗಿ ಚೆನ್ನಾಗಿದ್ದಾರೋ ಇಲ್ಲವೋ ಎಂದು ಧ್ವನಿಯಲ್ಲೇ ಹೇಳುತ್ತಿದ್ದೆ. ಕಾಗದಕ್ಕೆ ಧ್ವನಿ ಇಲ್ಲ, ಆದರೂ ನಾನು ಮೋಸ ಹೋಗುವವಳಲ್ಲ. ನಾನು ಲೆಕ್ಕ ಹಾಕಿ ಕಂಡುಕೊಂಡಿದ್ದೇನೆ. ನಮ್ಮನ್ನು ಇಷ್ಟು ದೂರ ಸಾಗಹಾಕಿ, ನೀವು ಸದ್ದಿಲ್ಲದೆ ಮಂಡಿ ಆಪರೇಷನ್ ಮಾಡಿಸಿಕೊಳ್ಳುತ್ತಿದ್ದೀರಿ. ಈ ಕಾಗದವನ್ನು ಆಸ್ಪತ್ರೆಯ ಮಂಚದ ಮೇಲೆ ಓದುತ್ತಿದ್ದೀರಿ. ಹೌದೋ ಅಲ್ಲವೋ? ಹೌದಾದರೆ ನಾಳೆಯೇ ಹೊರಡುತ್ತೇವೆ. ನಿಮ್ಮನ್ನು ಬಾತ್ರೂಮಿಗೆ ಕರೆದುಕೊಂಡು ಹೋಗುವವರು ಯಾರು? ಸೌಮ್ಯ ಕಡ್ಡಿಯಷ್ಟಿದ್ದಾಳೆ.

ಇಲ್ಲಿಯ ಸುದ್ದಿ ಒಳ್ಳೆಯದೇ. ಮಲಗುವ ಮೊದಲೇ ಯಾರೋ ಬಂದು ಹಾಸಿಗೆಯೊಳಗೆ ಬಿಸಿನೀರಿನ ಚೀಲ ಇಟ್ಟು ಹೋಗುತ್ತಾರೆ. ಬೆಳಗ್ಗೆ ಬೆಟ್ಟದ ತುದಿಗೆ ಬಿಸಿಲು ಬಿದ್ದು, ಅದು ಇಳಿದು ಇಳಿದು ನಮ್ಮ ಗಾಜಿಗೆ ಬರುವಷ್ಟರಲ್ಲಿ ಒಂಬತ್ತಾಗುತ್ತದೆ. ಅಲ್ಲಿಯವರೆಗೆ ನಮಗೆ ಏನೂ ಕೆಲಸವಿಲ್ಲ. ನನಗೆ ಇದು ಇಷ್ಟವಾಗುತ್ತಿದೆ ಎಂದು ಹೇಳಲು ಸ್ವಲ್ಪ ನಾಚಿಕೆ.

ಎಲ್ಲಕ್ಕಿಂತ ಹೆಚ್ಚಾಗಿ, ಇಡೀ ಲಾಡ್ಜ್ ಒಂದೇ ಸಮ ನೆಲದ ಮೇಲಿದೆ. ಒಂದು ಮೆಟ್ಟಿಲಿಲ್ಲ. ಇವರು ಕೋಣೆಯಿಂದ ಹೊಳೆಗೆ, ಹೊಳೆಯಿಂದ ಕೋಣೆಗೆ ಮಂಕಿ ಕ್ಯಾಪ್ ಹಾಕಿಕೊಂಡು ಹತ್ತು ಸಲ ಓಡಾಡುತ್ತಾರೆ. “ಹಿಂಗ ಮೆಟ್ಟಿಲಿಲ್ಲದ ಮನಿ ಒಂದಿದ್ರ...” ಎಂದು ಮೂರು ಸಲ ಅಂದರು. ನಾನೂ ಬೇಡವೆನ್ನಲಿಲ್ಲ.

ಮಂಡಿಯ ವಿಷಯಕ್ಕೆ ಸರಿಯಾದ ಉತ್ತರ ಬೇಕು.

ಕಮಲಾದೇವಿ

—

ಸಾರಕ್ಕಿ
ಭಾನುವಾರ, 20 ಅಕ್ಟೋಬರ್ 2024

ಕಮಲಕ್ಕ,

ನನಗೆ ಸಿಟ್ಟು ಬಂದಿದೆ. ಅದಕ್ಕೇ ಇದನ್ನೂ ಕಳಿಸುವುದಿಲ್ಲ.

ಇಪ್ಪತ್ತೊಂದು ವರ್ಷ ನನ್ನ ಮೆಟ್ಟಿಲು ಭಾರ ಎಂದು ನೀವು ಒಂದು ಸಲವೂ ಅನ್ನಲಿಲ್ಲ. ಗಾಜಿನ ಕೋಣೆಯಲ್ಲಿ ಮೂರು ದಿನ ಇದ್ದದ್ದೇ ಭಾರವಾಯಿತೋ? ನೀವೇ ಬೇರೆ ಮನೆ ಬೇಕು ಅಂದರೆ ನನ್ನ ಕೆಲಸ ಸುಲಭ. ನಾನು ಬಾಯಿ ಬಿಡುವುದೇ ಬೇಡ, ದೇವರೇ ದಾರಿ ತೋರಿಸಿದ ಎಂದು ಕೈ ಮುಗಿಯಬೇಕು. ಹಾಗೆಂದುಕೊಂಡೆ. ಆದರೆ ಹೊಟ್ಟೆ ಉರಿಯುತ್ತಿದೆ, ಏನು ಮಾಡಲಿ?

ನೀವು ಮನೆ ನೋಡಲು ಬಂದ ದಿನ ನೆನಪಿದೆಯಾ? ಗೇಟಿನಲ್ಲೇ ನಿಂತು ಕೇಳಿದಿರಿ: “ಕೆಳಗಡೆ ನಾನ್‌ವೆಜ್ ಮಾಡ್ತೀರಾ?” ನಾನೂ ಬಿಡಲಿಲ್ಲ: “ಭಾನುವಾರ ಮಾಡ್ತೀವಿ. ಕಿಟಕಿ ಮುಚ್ಕೊಳ್ಳಿ.” ನಮ್ಮ ಯಜಮಾನರು ಬೈರಣ್ಣ ಒಳಗೆ ಕೂತು, ಬಂದ ಗಿರಾಕಿ ಹೋಯಿತು ಎಂದು ತಲೆ ಚಚ್ಚಿಕೊಂಡರು. ನೀವು ಸ್ವಲ್ಪ ಹೊತ್ತು ಯೋಚನೆ ಮಾಡಿ, “ಎಷ್ಟು ಗಂಟೆಗೆ?” ಅಂದಿರಿ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಭಾನುವಾರ ಹತ್ತೂವರೆಗೆ ನಿಮ್ಮ ಅಡುಗೆಮನೆ ಕಿಟಕಿ ಮುಚ್ಚುತ್ತದೆ. ಆ ಸದ್ದು ಕೇಳಿದ ಮೇಲೆಯೇ ನಾನು ಬಾಣಲೆ ಇಡುವುದು.

ಇವತ್ತು ಈರುಳ್ಳಿ ಹೆಚ್ಚಿ, ಮಸಾಲೆ ರುಬ್ಬಿಟ್ಟು, ಕಾದು ಕೂತೆ. ಹನ್ನೊಂದಾಯಿತು. ಸದ್ದಿಲ್ಲ. ನೀವು ಊರಲ್ಲಿಲ್ಲ ಎನ್ನುವುದು ತಲೆಗೆ ಗೊತ್ತು, ಕೈಗೆ ಗೊತ್ತಾಗಲಿಲ್ಲ. ಸೌಮ್ಯ ಬಂದು ನನ್ನ ಮುಖ ನೋಡಿ ತಾನೇ ಬಾಣಲೆ ಇಟ್ಟಳು.

ನಮ್ಮ ಯಜಮಾನರು ಹೋದಾಗ ಹನ್ನೊಂದು ದಿನ ನಮ್ಮ ಒಲೆ ಹತ್ತಲಿಲ್ಲ. ಹನ್ನೊಂದು ದಿನವೂ ಮೇಲಿನಿಂದ ಕೆಳಕ್ಕೆ ಊಟ ಬಂತು. ಅಂಥವರನ್ನು ಹೋಗಿ ಎನ್ನಬೇಕು. ಇಲ್ಲವಾದರೆ ಹೆತ್ತ ಮಗ ಹೋಗುತ್ತಾನೆ. ನನಗೆ ಯಾರೂ ಹೋಗುವುದು ಬೇಡ. ನನ್ನ ಮನೆ ತುಂಬಿರಬೇಕು. ಇಷ್ಟೇ ನನ್ನ ಆಸೆ, ಇದು ದೊಡ್ಡ ಆಸೆಯಾ?

ಇದೂ ಅರಿಶಿನದ ಬಟ್ಟಲಿನ ಕೆಳಗೆ.

—

ಸಾರಕ್ಕಿ
ಭಾನುವಾರ, 20 ಅಕ್ಟೋಬರ್ 2024

ಕಮಲಕ್ಕನವರಿಗೆ,

ಮಂಡಿ ಆಪರೇಷನ್ ಇಲ್ಲ. ಆಸ್ಪತ್ರೆಯೂ ಇಲ್ಲ. ನನ್ನ ಮಂಡಿ ನನ್ನ ಹತ್ತಿರವೇ ಇದೆ. ನೀವು ಪತ್ತೇದಾರಿಕೆ ಬಿಟ್ಟು ಹೊಳೆ ನೋಡಿ.

ಮೆಟ್ಟಿಲಿಲ್ಲದ ಮನೆ ಅಂಕಲ್‌ಗೆ ಹಿಡಿಸಿದ್ದು ಕೇಳಿ ಸಂತೋಷ. ಎಲ್ಲರಿಗೂ ಅವರವರಿಗೆ ಅನುಕೂಲವಾದ ಕಡೆ ಇರುವ ಹಕ್ಕಿದೆ.

ಮೋಟಾರ್ ನಾನೇ ಆಫ್ ಮಾಡಿದೆ. ಟ್ಯಾಂಕ್ ತುಂಬಿ ರಸ್ತೆಯೆಲ್ಲ ನೀರು.

ಸುಬ್ರಹ್ಮಣ್ಯಪುರಕ್ಕೆ ನಾದಿನಿ ರುದ್ರಮ್ಮನ ಮನೆಗೆ ಹೊರಟಿದ್ದೇನೆ. ಕಾಗದ ದೇವರ ಮುಂದೆ ಇದೆ, ತೆಗೆದು ಕಳಿಸು ಎಂದು ಸೌಮ್ಯಳಿಗೆ ಹೇಳಿದ್ದೇನೆ. ಸೂಜಿ ಬಿಟ್ಟು ಎದ್ದಾಗ ಕಳಿಸುತ್ತಾಳೆ.

ಗೌರಮ್ಮ

—

ಹಿಮಾಚಲ
ಮಂಗಳವಾರ, 22 ಅಕ್ಟೋಬರ್ 2024

ಗೌರಮ್ಮ,

ನಿನ್ನೆ ನಾನು ಬರೆಯಲಿಲ್ಲ. ನಿನ್ನೆ ಬೆಳಗ್ಗೆ ಚಹದ ಜೊತೆ ಬಂದ ಲಕೋಟೆ ದಪ್ಪಗಿತ್ತು. ಒಳಗೆ ನಿಮ್ಮ ಭಾನುವಾರದ ಕಾಗದವಿತ್ತು. ಅದರ ಜೊತೆಗೆ, ಕಳಿಸುವುದಿಲ್ಲ ಎಂದು ನೀವು ಬರೆದಿದ್ದ ಎರಡೂ ಇದ್ದವು. ಒಂದರ ಮೂಲೆಯಲ್ಲಿ ಅರಿಶಿನದ ಕಲೆ ಕೂಡ ಪ್ರಿಂಟಿನಲ್ಲಿ ಬಂದಿತ್ತು. ದೇವರ ಮುಂದಿದ್ದದ್ದನ್ನೆಲ್ಲ ಸೌಮ್ಯ ಕಳಿಸಿದ್ದಾಳೆ.

ಮೊದಲು ಸಿಟ್ಟು ಹೇಳುತ್ತೇನೆ. ಖಾಲಿ ಮಾಡಿ ಎನ್ನುವುದಕ್ಕೆ ನನಗೆ ಸಿಟ್ಟಿಲ್ಲ, ಅದು ನಿಮ್ಮ ಮನೆ. ಒಂದು ಮಾತು ಹೇಳಲಾಗದೆ ನನ್ನನ್ನು ಹಿಮಾಲಯಕ್ಕೆ ಅಟ್ಟಿದಿರಲ್ಲ, ಅದಕ್ಕೆ ಸಿಟ್ಟು. ಇದಕ್ಕೆ ಬಂದ ಮೇಲೆ ಮುಖಾಮುಖಿ ಬೈಯುತ್ತೇನೆ, ಕಾಗದದಲ್ಲಿ ವ್ಯರ್ಥ ಮಾಡುವುದಿಲ್ಲ.

ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹೊಳೆ ಪಕ್ಕದ ಕಲ್ಲಿನ ಮೇಲೆ ಕೂತಿದ್ದೆ. ಅತ್ತದ್ದೂ ನಿಜ. ಇವರು ಬಂದು ಕಾಗದಗಳನ್ನು ಓದಿದರು. ಮಂಕಿ ಕ್ಯಾಪ್ ತೆಗೆದು ಮಡಚಿ ಜೇಬಿಗಿಟ್ಟುಕೊಂಡರು. “ನಡಿ, ಮೊದಲು ಊಟ ಮಾಡೂಣು” ಎಂದು ನನ್ನ ಕೈ ಹಿಡಿದು ದೊಡ್ಡ ಮೇಜಿನ ಹಾಲ್‌ಗೆ ಕರೆದುಕೊಂಡು ಹೋದರು.

ಈಗ ನನ್ನ ಸುಳ್ಳು ಕೇಳಿ. ಊಟ ಕೋಣೆಗೆ ಬರುತ್ತದೆ, ರಾಜೋಪಚಾರ ಎಂದು ಬರೆದಿದ್ದೆ. ಉಪಚಾರ ಅಲ್ಲ, ನಾನೇ ಕೇಳಿಕೊಂಡದ್ದು. ಇಲ್ಲಿ ಇಪ್ಪತ್ತು ಜನ ಒಂದೇ ಮೇಜಿಗೆ ಕೂರುತ್ತಾರೆ, ಹೊಳೆಯ ಮೀನನ್ನು ಇಡಿಯಾಗಿ ತಟ್ಟೆಯಲ್ಲಿ ತಂದಿಡುತ್ತಾರೆ. ಮೊದಲ ದಿನ ಬಾಗಿಲವರೆಗೆ ಹೋಗಿ, ಆ ವಾಸನೆಗೆ ತಿರುಗಿ ಬಂದೆ. ನಾಲ್ಕು ದಿನ ಕೋಣೆಯಲ್ಲಿ ಇಬ್ಬರೇ ಗೋಡೆ ನೋಡಿಕೊಂಡು ದಾಲ್, ಚಪಾತಿ ತಿಂದೆವು. ಎಂಥ ಚೆಂದದ ಜಾಗದಲ್ಲಿ ಎಂಥ ಬೇಸರದ ಊಟ.

ನಿನ್ನೆ ನನಗೆ ವಾಸನೆಯ ಕಡೆ ಗಮನವೇ ಇರಲಿಲ್ಲ. ಕೂತೆ. ಪಕ್ಕದಲ್ಲಿ ಲುಧಿಯಾನದ ಹೆಂಗಸೊಬ್ಬಳು, ನನ್ನ ವಯಸ್ಸಿನವಳು. ನನ್ನ ತಟ್ಟೆ ನೋಡಿ, ತನ್ನ ಮೀನಿನ ತಟ್ಟೆಯನ್ನು ಆಚೆ ಬದಿಗೆ ಸರಿಸಿಕೊಂಡಳು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ನನಗೆ ರೊಟ್ಟಿ ಬಡಿಸಿದಳು. ನಾನು ತಿಂದೆ. ನನಗೆ ಏನೂ ಆಗಲಿಲ್ಲ ಗೌರಮ್ಮ. ಎರಡನೇ ರೊಟ್ಟಿಗೆ ನಿಮ್ಮ ನೆನಪಾಗಿ ಕಣ್ಣು ತುಂಬಿತು. ನನ್ನ ಕಿಟಕಿಯ ಸದ್ದು ಕೇಳದೆ ನೀವು ಬಾಣಲೆ ಇಡುವುದಿಲ್ಲ ಎಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ವಾಸನೆಗೆ ನಾನು ಮುಚ್ಚುತ್ತೇನೆ ಎಂದುಕೊಂಡಿದ್ದೆ, ನೀವು ನನಗಾಗಿ ಕಾಯುತ್ತಿದ್ದಿರಿ.

ಊಟವಾದ ಮೇಲೆ ಮೌನೇಶನಿಗೆ ಅಡುಗೆಮನೆ ತೋರಿಸಪ್ಪ ಎಂದೆ. ಒಂದೇ ಕೋಣೆ. ಈ ಗೋಡೆಗೆ ಮೀನಿನ ಒಲೆ, ಎದುರು ಗೋಡೆಗೆ ಸಸ್ಯಾಹಾರದ ಒಲೆ. ಸೌಟುಗಳ ಹಿಡಿಗೆ ದಾರ ಸುತ್ತಿದ್ದಾರೆ. ಒಂದು ಕಡೆಯದಕ್ಕೆ ಕೆಂಪು, ಇನ್ನೊಂದು ಕಡೆಯದಕ್ಕೆ ಬಿಳಿ. “ಹದಿನಾಲ್ಕು ವರ್ಷದಾಗ ಒಮ್ಮೆನೂ ಅದಲು ಬದಲು ಆಗಿಲ್ರಿ ಅಮ್ಮಾರ” ಎಂದ.

ಇನ್ನೊಂದು ಸುಳ್ಳಿದೆ, ಅದು ದೊಡ್ಡದು. ಯುಗಾದಿಯಿಂದ ಇವರಿಗೆ ಮೆಟ್ಟಿಲು ಆಗುತ್ತಿಲ್ಲ. ಕೂತುಕೊಂಡು ಒಂದೊಂದೇ ಮೆಟ್ಟಿಲು ಜಾರಿ ಇಳಿಯುತ್ತಾರೆ. ನೀವು ಮಾರ್ಕೆಟ್ಟಿಗೆ ಹೋದ ಸಮಯ ನೋಡಿ ಇಳಿಸುತ್ತಿದ್ದೆ. ನೀವು ನೋಡಿದರೆ, ಪಾಪ ಅವರಿಗೆ ಕೆಳಗಡೆ ಮನೆಯೇ ಸರಿ, ಬೇರೆ ಕಡೆ ನೋಡಿಕೊಳ್ಳಲಿ ಎಂದುಬಿಟ್ಟರೆ ಎಂಬ ಭಯ. ಮೆಟ್ಟಿಲಿಲ್ಲದ ಮನೆ ಬೇಕು ಎಂದದ್ದು ನಿಜ. ನಿಮ್ಮನ್ನು ಬಿಟ್ಟು ಬೇಕು ಎಂದು ಯಾರು ಹೇಳಿದರು?

ಈಗ ನಾನು ಯೋಚಿಸಿದ್ದನ್ನು ಹೇಳುತ್ತೇನೆ. ನೀವು ಬೇಡವೆಂದರೆ ದೀಪಾವಳಿಯ ಮಾರನೆಯ ದಿನವೇ ಖಾಲಿ ಮಾಡಿಕೊಡುತ್ತೇನೆ, ಒಂದು ಮಾತೂ ಆಡುವುದಿಲ್ಲ. ರವಿ, ಸೌಮ್ಯ ಮೇಲಕ್ಕೆ ಹೋಗಲಿ. ನಮ್ಮ ಹಾಲ್‌ನಲ್ಲಿ ಅವಳ ಚೌಕಟ್ಟು ಹಗಲೂ ರಾತ್ರಿ ಹಾಸಿಯೇ ಇರಲಿ. ಕೆಳಗಡೆ ರವಿಯ ಕೋಣೆಗೆ ನಾವು ಬರುತ್ತೇವೆ. ನಿಮ್ಮ ಕೋಣೆ ನಿಮಗೆ, ಹಾಲ್ ಮೂವರಿಗೂ. ಅಡುಗೆಮನೆ ಒಂದೇ, ಎರಡು ಕಡೆ ಎರಡು ಒಲೆ. ಸೌಟಿಗೆ ದಾರ ನಾನೇ ಸುತ್ತುತ್ತೇನೆ. ಭಾನುವಾರ ನೀವು ಕೆಂಪು ದಾರದ ಕಡೆ ಅಡುಗೆ ಮಾಡಿ, ನಾನು ಎದುರು ಗೋಡೆಗೆ ಮುಖ ಮಾಡಿ ರೊಟ್ಟಿ ಬಡಿಯುತ್ತೇನೆ. ವಾಸನೆ ಬಂದರೆ ಬರಲಿ.

ನಿಮ್ಮ ಆಸೆ ದೊಡ್ಡದೇನಲ್ಲ. ಮನೆ ಅಷ್ಟು ಜನಕ್ಕೆ ಸಾಕು.

ಕಮಲಾದೇವಿ

—

ಸಾರಕ್ಕಿ
ಮಂಗಳವಾರ, 22 ಅಕ್ಟೋಬರ್ 2024

ಕಮಲಕ್ಕ,

ಕಾಗದ ಓದಿ ಮೊದಲು ಸೌಮ್ಯಳನ್ನು ಕರೆದೆ. “ಏನಮ್ಮಾ ಇದು?” ಎಂದು ಕೇಳಿದೆ. “ಅತ್ತೆ, ದೇವರ ಮುಂದೆ ಇರೋದನ್ನ ಕಳಿಸು ಅಂದ್ರಿ. ಇದ್ದಿದ್ದನ್ನೆಲ್ಲಾ ಕಳಿಸ್ದೆ” ಎಂದಳು. “ಓದಿದ್ಯಾ?” ಎಂದೆ. ಸೂಜಿಯಿಂದ ಕಣ್ಣೆತ್ತದೆ “ಹೂಂ” ಎಂದಳು. ಓದಿಯೇ ಕಳಿಸಿದಳೋ, ಕಳಿಸಿದ ಮೇಲೆ ಓದಿದಳೋ ನಾನು ಕೇಳಲಿಲ್ಲ. ಅವಳು ಕಡ್ಡಿಯಷ್ಟಿದ್ದರೂ ನಮ್ಮಿಬ್ಬರಿಗಿಂತ ಗಟ್ಟಿ.

ನನ್ನದೂ ಒಂದು ಸುಳ್ಳು ಬಾಕಿ ಇದೆ. ಅಂಕಲ್ ಕೂತು ಇಳಿಯುವುದನ್ನು ನಾನು ಯುಗಾದಿಯಿಂದಲೇ ನೋಡಿದ್ದೇನೆ. ಮಾರ್ಕೆಟ್ಟಿಗೆ ಹೊರಟವಳು ಚೀಲ ಮರೆತು ಹಿಂದಿನ ಬಾಗಿಲಿನಿಂದ ಬರುವುದಿಲ್ಲವೇ? ಅವರಿಗೆ ನಾಚಿಕೆಯಾಗಬಾರದು ಎಂದು ಎಷ್ಟೋ ಸಲ ಸಿಂಕಿನ ಹತ್ತಿರ ಉಸಿರು ಬಿಗಿಹಿಡಿದು ನಿಂತಿದ್ದೇನೆ. ಅವರು ಕೊನೆಯ ಮೆಟ್ಟಿಲು ಇಳಿದು, ಪ್ಯಾಂಟು ಕೊಡವಿಕೊಂಡು, ಗೇಟು ದಾಟಿದ ಮೇಲೆಯೇ ನಲ್ಲಿ ಬಿಡುತ್ತಿದ್ದೆ. ನೋಡಿ ಇಬ್ಬರ ಯೋಗ್ಯತೆ. ಒಂದೇ ಮೆಟ್ಟಿಲನ್ನು ಇಬ್ಬರೂ ಮುಚ್ಚಿಟ್ಟೆವು.

ರವಿಗೆ ಹೇಳಿದೆ. “ಅಮ್ಮಾ, ಆಂಟಿ ನಿಜವಾಗ್ಲೂ ಒಪ್ತಾರಾ? ಅವ್ರು ನಮ್ಮನೇಲಿ ನೀರು ಕುಡಿಯೋಕೂ ಲೋಟ ತೊಳ್ಕೋತಾರೆ” ಎಂದ. “ಹಿಮಾಲಯಕ್ಕೆ ಹೋಗಿ ಬಂದವರು ಕಣೋ, ಏನು ಬೇಕಾದರೂ ಒಪ್ತಾರೆ” ಎಂದೆ. ಅವನ ಕಣ್ಣಲ್ಲಿ ನೀರಿತ್ತು. ಸುಬ್ರಹ್ಮಣ್ಯಪುರಕ್ಕೆ ಹೋಗುವುದು ಅವನಿಗೂ ಬೇಡವಾಗಿತ್ತು. ಹೇಳಲಿಲ್ಲ ಅಷ್ಟೇ. ಈ ಮನೆಯಲ್ಲಿ ಯಾರೂ ಏನೂ ಹೇಳುವುದಿಲ್ಲ, ಮೋಟಾರ್ ವಿಷಯಕ್ಕೆ ಮಾತ್ರ ಕಿರುಚುತ್ತೇವೆ.

ಆದರೆ ನಿಮ್ಮ ಎರಡು ಒಲೆಯ ಯೋಚನೆ ನನಗೆ ಒಪ್ಪಿಗೆಯಿಲ್ಲ. ನನ್ನ ಮನೆಯಲ್ಲಿ ನೀವು ಗೋಡೆಗೆ ಮುಖ ಮಾಡಿ ರೊಟ್ಟಿ ಬಡಿಯುವುದು ಬೇಡ. ಇಷ್ಟು ವರ್ಷ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದ ನಿಮಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವೇ? ವಾಸನೆ ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಬರುವುದಿಲ್ಲ. ಮಾಂಸ ತಿನ್ನುವವರನ್ನು ಕೆಳಗೂ ತಿನ್ನದವರನ್ನು ಮೇಲೂ ಇಟ್ಟುಕೊಂಡು ಇಪ್ಪತ್ತೊಂದು ವರ್ಷ ಕಿಟಕಿ ಮುಚ್ಚಿಸಿದ್ದು ನನ್ನ ದಡ್ಡತನ. ಇನ್ನು ಮೇಲೆ ಭಾನುವಾರದ ಅಡುಗೆ ಮೇಲಿನ ಮನೆಯಲ್ಲಿ, ಸೌಮ್ಯಳ ಕೈಯಲ್ಲಿ. ನಾನು ವಾರಕ್ಕೊಂದು ಸಲ ಮೆಟ್ಟಿಲು ಹತ್ತಿ ಹೋಗಿ ಉಂಡು ಬರುತ್ತೇನೆ. ಕೆಳಗಿನ ಒಲೆ ಪೂರ್ತಿ ನಿಮ್ಮದು. ನಿಮ್ಮ ರೊಟ್ಟಿ, ನನ್ನ ಮುದ್ದೆ, ಒಂದೇ ಸೊಪ್ಪಿನ ಸಾರು.

ಬಾಡಿಗೆಯ ಮಾತು ಎತ್ತಿದರೆ ಜಗಳವಾಗುತ್ತದೆ. ಅದನ್ನೂ ಮುಖಾಮುಖಿಗೆ ಇಟ್ಟುಕೊಳ್ಳೋಣ.

ಹುಷಾರಾಗಿ ಬನ್ನಿ. ಆ ಬಿಸಿನೀರಿನ ಚೀಲ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಬನ್ನಿ. ಮಂಡಿಗೆ ಬೇಕು.

ಗೌರಮ್ಮ

—

ಹಿಮಾಚಲ
ಬುಧವಾರ, 23 ಅಕ್ಟೋಬರ್ 2024

ಗೌರಮ್ಮ,

ಮೊಬೈಲ್ ವಾಪಸ್ಸು ಕೊಟ್ಟರು. ಒತ್ತಿದರೆ ಮಾತಾಡಬಹುದು. ಆದರೂ ಕಾರು ಬರುವಷ್ಟರಲ್ಲಿ ಇದೊಂದು ಕಾಗದ ಬರೆಯುತ್ತಿದ್ದೇನೆ. ಅಸಲು ಕಾಗದವನ್ನು ನಾನೇ ತಂದುಕೊಡುತ್ತೇನೆ, ಇದನ್ನೂ ಅರಿಶಿನದ ಬಟ್ಟಲಿನ ಕೆಳಗೆ ಇಡಿ.

ಇವರು ಹೊರಡುವ ಮೊದಲು ಕೋಣೆಯ ಬಾಗಿಲನ್ನು ಇನ್ನೊಂದು ಸಲ ತಟ್ಟಿ ನೋಡಿ, ಅಂಕ ತೊಂಬತ್ತಕ್ಕೆ ಏರಿಸಿದರು. ಕೆಳಗಿನ ಮನೆಗೆ ಯಾವ ಬಣ್ಣ ಹೊಡೆಸಬೇಕು ಎಂದು ಈಗಲೇ ಶುರು ಮಾಡಿದ್ದಾರೆ. ತಡೆಯಲು ನನ್ನಿಂದಾಗುವುದಿಲ್ಲ. ಬಿಸಿನೀರಿನ ಚೀಲವನ್ನು ಮೌನೇಶ ಎರಡು ಕೊಟ್ಟಿದ್ದಾನೆ, ಒಂದು ನಿಮಗೆ.

ವಾಸನೆಯ ವಿಷಯದಲ್ಲಿ ನೀವು ಗೆದ್ದಿರಿ. ಆದರೆ ಭಾನುವಾರ ಒಬ್ಬರೇ ಮೆಟ್ಟಿಲು ಹತ್ತುವುದು ಬೇಡ. ನಾನು ಕೈ ಹಿಡಿದು ಹತ್ತಿಸುತ್ತೇನೆ. ಬಾಗಿಲಲ್ಲಿ ಬಿಟ್ಟು ಇಳಿದು ಬರುವುದಿಲ್ಲ, ನಿಮ್ಮ ಜೊತೆಯೇ ಒಳಗೆ ಬಂದು ಕೂರುತ್ತೇನೆ. ನನಗೆ ಮೊಸರನ್ನ ಸಾಕು, ನಿಮ್ಮ ತಟ್ಟೆಯನ್ನು ಆಚೆ ಸರಿಸುವುದೂ ಬೇಡ. ಮತ್ತೆ ಸೌಮ್ಯಳಿಗೆ ಹೇಳಿ, ಹತ್ತೂವರೆಗೆ ಯಾವ ಸದ್ದಿಗೂ ಕಾಯದೆ ಬಾಣಲೆ ಇಡಲಿ. ಕಿಟಕಿ ತೆರೆದೇ ಇರಲಿ.

ಕಮಲಾದೇವಿ